ಕಿನಬಾಲುವಿಗೆ ನಾನು ಒಯ್ದ ಮಾತ್ರೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಬೆಟ್ಟದ ಮೇಲಿನ ಆ ಬೆಳಿಗ್ಗೆ ಮಂಜು ಮುಸುಕಿತ್ತು ಎಂದು ನನ್ನ ನೆನಪು. ಫೋಟೊ ನೋಡಿದರೆ ಚುರುಕು ಬಿಸಿಲಿದೆ. ಅಕ್ಕ ಕೆಂಪು ಸ್ವೆಟರ್ ಹಾಕಿದ್ದಳು ಎಂದುಕೊಂಡಿದ್ದೆ. ಕೆಂಪು ಸ್ವೆಟರ್ ನನ್ನ ಮೈಮೇಲೇ ಇದೆ. ಇಂಥವು ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ಮಾತನ್ನು ನಾನು ಎಲ್ಲಿ ಆಡಿದೆ ಎಂಬುದರ ಬಗ್ಗೆ ನನ್ನ ನೆನಪು ಒಂದು ಹೇಳುತ್ತದೆ, ಅಕ್ಕನ ಮಗಳು ಧೃತಿ ಇನ್ನೊಂದು ಹೇಳುತ್ತಾಳೆ. ಅವಳನ್ನೇ ನಂಬುವುದು ಸರಿ ಅನ್ನಿಸುತ್ತದೆ. ನೆನಪು ತನ್ನ ಯಜಮಾನಿಯ ಮಾನ ಕಾಯುವ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿರುತ್ತದೆ.

ಪೆಟಾಲಿಂಗ್ ಜಯಾ

ಅಕ್ಕ ಮಲೇಷ್ಯಾದ ಈ ಊರಿನಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು. ಭಾವ ಉಡುಪಿಯವರು, ಮಕ್ಕಳ ಡಾಕ್ಟರು, ಅಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಈ ಸಲ ರಜೆಗೆ ಬಾ ಎಂದು ಅಕ್ಕ ಕರೆದದ್ದಕ್ಕೆ ಒಂದು ಕಾರಣವಿತ್ತು. ಅವಳು ಮತ್ತು ಅವಳ ಗೆಳತಿ ಶಾಂತಕ್ಕ ಬರುವ ವರ್ಷ ಕೈಲಾಸ ಪರಿಕ್ರಮಕ್ಕೆ ಹೆಸರು ಕೊಟ್ಟಿದ್ದರು. ಅಷ್ಟು ಎತ್ತರ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಮೊದಲು ಅದೇ ದೇಶದ ಸಬಾ ರಾಜ್ಯದ ಕಿನಬಾಲು ಬೆಟ್ಟ ಹತ್ತಿ ಬರುವುದು, ಜೊತೆಗೆ ಧೃತಿ ಮತ್ತು ನಾನು.

"ಸಾರಿನಪುಡಿ, ಚಟ್ನಿಪುಡಿ, ಆಮೇಲೆ ಆ ಮುಂದಕ್ಕೆ ಹಾಕೋ ಮಾತ್ರೆ ಒಂದೆರಡು ಸ್ಟ್ರಿಪ್ ತಗೊಂಡ್ಬಾರೆ" ಎಂದಿದ್ದಳು ಫೋನಿನಲ್ಲಿ. "ಇಲ್ಲಿ ಚೀಟಿ ಇಲ್ದೆ ಕೊಡಲ್ಲ. ನಿಮ್ಮ ಭಾವನ್ನ ಕೇಳಿದ್ರೆ ಭಾಷಣ ಶುರು ಮಾಡ್ತಾರೆ."

ಮುಂದಕ್ಕೆ ಹಾಕುವುದು ಎಂದರೆ ಮುಟ್ಟನ್ನು. ಮದುವೆ, ಸತ್ಯನಾರಾಯಣ ಪೂಜೆ, ತಿರುಪತಿ, ಏನೇ ಬಂದರೂ ನಮ್ಮ ಮನೆಗಳ ಹೆಂಗಸರ ಪರ್ಸಿನಲ್ಲಿ ಆ ಮಾತ್ರೆ ಕುಂಕುಮದ ಡಬ್ಬಿಯಷ್ಟೇ ಸಹಜ. ಕೇದಾರಕ್ಕೆ ಹೋಗುವಾಗ ನಾನೂ ನುಂಗಿದ್ದೆ. ನಮ್ಮ ಬೀದಿಯ ಔಷಧಿ ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, "ಯಾತ್ರೆನಾ ಮೇಡಂ?" ಎಂದು ಮಾತ್ರ ಕೇಳಿದ. ಹೌದು ಎಂದೆ.

ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ತಲೆವಸ್ತ್ರ ತೊಟ್ಟ ಅಧಿಕಾರಿಣಿಯೊಬ್ಬಳು ನನ್ನ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ, ಒಂದರ ಹಿಂದೊಂದು ಸೀನಿದಳು. ಅವಳ ಕಣ್ಣಲ್ಲಿ ನೀರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಮಾತ್ರೆಯ ಪಟ್ಟಿ ಎತ್ತಿ ಹಿಡಿದು, ಇದು ನಿಮ್ಮದಾ ಎಂದು ಕೇಳಿದಳು. ಅಕ್ಕನದು ಎಂದೆ.

ಅಕ್ಕನಿಗೆ ಮುಟ್ಟು ನಿಂತು ಹೋಗಿತ್ತು. ಫ್ಯಾನಿನ ಕೆಳಗೆ ಕೂತರೂ ಬೆವರುತ್ತೆ ಕಣೇ ಎಂದು ಅವಳು ಗೋಳಾಡಿದ್ದನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿಸಿಕೊಂಡವಳು ನಾನು. ಆದರೂ ಅಕ್ಕನದು ಎಂದ ನನ್ನ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಅಕ್ಕನ ಕಟ್ಟಡಕ್ಕೆ ಬೇಕಾದಷ್ಟು ಮಹಡಿಗಳಿವೆ. ಬೆಳಿಗ್ಗೆ ಎದ್ದರೆ ಅವಳೂ ಶಾಂತಕ್ಕನೂ ಬೆನ್ನಚೀಲಕ್ಕೆ ಅಕ್ಕಿಯ ಪೊಟ್ಟಣ ತುಂಬಿಕೊಂಡು ತಳದಿಂದ ತುದಿಯವರೆಗೆ ಮೆಟ್ಟಿಲು ಹತ್ತುವುದು, ಶಿವನಾಮ ಹೇಳುತ್ತ ಇಳಿಯುವುದು. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು, "ಲಿಫ್ಟ್ ಇರುಕ್ಕೇ ಅಮ್ಮಾ!" ಎಂದು ದಿನವೂ ನೆನಪಿಸುತ್ತಿದ್ದರು.

ಶಾಂತಕ್ಕ ಧಾರವಾಡದವರು, ಹಿಂದೊಮ್ಮೆ ಕೈಲಾಸ ಸುತ್ತಿ ಬಂದವರು. ಹಾಗಾಗಿ ನಿಯಮವೆಲ್ಲ ಅವರದು. "ರಿಹರ್ಸಲ್ ಅಂದ್ರ ಪೂರಾ ರಿಹರ್ಸಲ್ ಆಗ್ಬೇಕು ನೋಡ್ರಿ. ಉಳ್ಳಾಗಡ್ಡಿ ಇಲ್ಲ, ಬೆಳ್ಳೊಳ್ಳಿ ಇಲ್ಲ, ಮೇಲೆ ಅಭಿಷೇಕ ಅದ, ಮಡಿ ಅಂದ್ರ ಮಡಿ. ಮತ್ತ ದಾರಿಯೊಳಗ ನೀರು ಕಡಿಮಿ ಕುಡೀರಿ. ಅಲ್ಲೆ ಕೈಲಾಸದಾಗ ಹೆಣ್ಮಕ್ಕಳು ಎಲ್ಲೆ ಕೂಡೋದು? ಮರೆ ಆಗಲಿಕ್ಕೆ ಒಂದು ಗಿಡಾ ಸುದ್ಧಾ ಇಲ್ಲ."

"ಅಲ್ಲ ಮಾರಾಯ್ರೇ, ರಿಹರ್ಸಲಿಗೆ ಮಡಿ ಎಂತಕ್ಕೆ?" ಎಂದರು ಭಾವ ದೋಸೆ ಮುರಿಯುತ್ತ. "ನಾಟಕದ ರಿಹರ್ಸಲಿಗೆ ಯಾರಾದ್ರೂ ಬಣ್ಣ ಹಚ್ಚಿಕೊಳ್ತಾರಾ?"

"ನೀವು ಸುಮ್ನಿರಿ, ನಿಮಗೆ ಎಲ್ಲಾ ತಮಾಷೆ" ಎಂದಳು ಅಕ್ಕ.

ಧೃತಿ ಓದು ಮುಗಿಸಿ ಬಾಂಗ್ಸಾರಿನ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್, ಕೊನೆಗೆ ಅಲ್ಲಿಯವರ ಹಾಗೆ ಒಂದು 'ಲಾ'. ನಿನಗೂ ಭಕ್ತಿ ಬಂತೇನೇ ಎಂದು ಕೆಣಕಿದೆ.

"ಚಿಕ್ಕಮ್ಮ, ಅಮ್ಮ ವಾಂಟ್ಸ್ ಶಿವ, ಐ ವಾಂಟ್ ಸನ್‌ರೈಸ್. ಸೇಮ್ ಟಿಕೆಟ್ ಲಾ" ಎಂದು ನಾನು ತಂದ ಕೋಡುಬಳೆ ಕಡಿದಳು.

ಬೆಟ್ಟದ ತಂಗುಮನೆಯಲ್ಲಿ ಜಾಗ ಸಿಗಬೇಕಾದರೆ ಬಹಳ ಮುಂಚೆ ಕಾದಿರಿಸಬೇಕು, ಆಮೇಲೆ ದಿನ ಬದಲಾಯಿಸಲು ಆಗುವುದಿಲ್ಲ. ದಿನ ಬದಲಾಗದಿದ್ದರೆ ಮೈಯನ್ನು ಬದಲಾಯಿಸುವುದು ನಮಗೆ ಗೊತ್ತಿರುವ ದಾರಿ. ಭಾವ ಕಾಲೇಜಿಗೆ ಹೊರಟ ಮೇಲೆ ಅಕ್ಕ ಧೃತಿಯ ಅಂಗೈಗೆ ಏನೋ ಹಾಕಿ ನೀರಿನ ಲೋಟ ಕೊಟ್ಟದ್ದನ್ನು ನಾನು ನೋಡಿದೆ. ಅಥವಾ ಎಲ್ಲ ಮುಗಿದ ಮೇಲೆ ಆ ಚಿತ್ರವನ್ನು ನಾನೇ ಸೇರಿಸಿಕೊಂಡೆನೋ ಏನೋ. ಲೋಟ ಮಾತ್ರ ಸ್ಟೀಲಿನದು, ಅಮ್ಮನ ಮನೆಯಿಂದ ಅಕ್ಕ ತಂದದ್ದು. ಅದರಲ್ಲಿ ಸಂದೇಹವಿಲ್ಲ.

ಬೆಟ್ಟದ ಹಾದಿ

ನಮ್ಮ ಮಾರ್ಗದರ್ಶಿಯ ಹೆಸರು ರೋನಿ, ಆ ಬೆಟ್ಟದ ಬುಡದ ಹಳ್ಳಿಯವನು, ಮಧ್ಯವಯಸ್ಕ, ಬೊಜ್ಜು ಹೊಟ್ಟೆ. ಸಬಾದವರು ಮಾತಿನ ಕೊನೆಗೆ 'ಬಾ' ಎಂದು ಸೇರಿಸುತ್ತಾರೆ. "ಇವ ಯಾಕ ಎಲ್ಲಾರ್ನೂ ಬಾ ಬಾ ಅಂತಾನ, ಬರ್ಲಿಕ್ಕೇ ಹತ್ತೀವಲ್ಲ" ಎಂದು ಶಾಂತಕ್ಕ ಗೊಣಗಿದರು. ಅವನಿಗೆ ಚಟ್ನಿಪುಡಿ ಹಿಡಿಸಿತು. ಬ್ರೆಡ್ಡಿಗೆ ಹಚ್ಚಿ ತಿಂದ, ಬರಿದೇ ಚಪ್ಪರಿಸಿದ, ಆಮೇಲೆ ಬಿಕ್ಕಳಿಕೆ ಹತ್ತಿ ಬಹಳ ಹೊತ್ತು ಮಾತೇ ಆಡಲಿಲ್ಲ.

ದಾರಿ ಮೆಟ್ಟಿಲು, ಬೇರು, ಮತ್ತೆ ಮೆಟ್ಟಿಲು. ಕಾಡು ಎತ್ತರದಿಂದ ಗಿಡ್ಡಕ್ಕೆ ಇಳಿಯುತ್ತ ಹೋಗುತ್ತದೆ, ಮರಗಳ ಮೈಗೆಲ್ಲ ಪಾಚಿಯ ಗಡ್ಡ. ಹುಳು ಹಿಡಿಯುವ ಹೂಜಿಗಿಡವೊಂದನ್ನು ರೋನಿ ತೋರಿಸಿದ. ಹೂಜಿಯೊಳಗೆ ಮಳೆನೀರು, ನೀರಿನಲ್ಲಿ ನೊಣ. ನನಗೆ ಮತ್ತೆ ಮತ್ತೆ ಕೇದಾರದ ದಾರಿ ನೆನಪಾಗುತ್ತಿತ್ತು. ಹೇಸರಗತ್ತೆಗಳ ಲದ್ದಿಯ ಕೆಸರು, ಮಳೆ ನಿಂತೊಡನೆ ಕಿತ್ತೆಸೆದ ಬಣ್ಣಬಣ್ಣದ ಪ್ಲಾಸ್ಟಿಕ್ ಕೋಟುಗಳು, ಕಣಿವೆಗೆ ಉರುಳಿದ ನೀರಿನ ಬಾಟಲಿಗಳ ರಾಶಿ. ನನ್ನ ಕೋಟೂ ಆ ರಾಶಿಯಲ್ಲಿ ಎಲ್ಲೋ ಇದೆ. ಇಲ್ಲಿ ಎದುರು ಬರುತ್ತಿದ್ದ ಒಬ್ಬ ಹುಡುಗಿ ಮಿಠಾಯಿಯ ಕಾಗದ ಕೆಳಗೆ ಬಿತ್ತೆಂದು ಹಿಂದಕ್ಕೆ ಹತ್ತಿ ಹೋಗಿ ಎತ್ತಿಕೊಂಡಳು. ಅದನ್ನು ನೋಡಿ ನನಗೆ ಮೆಚ್ಚುಗೆಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ದಾರಿಯ ಪ್ರತಿ ತಂಗುದಾಣದಲ್ಲೂ ಶೌಚಾಲಯವಿತ್ತು, ನೀರಿನ ತೊಟ್ಟಿಯಿತ್ತು. ಆದರೂ ನಾವು ಟಿಬೆಟಿನ ಬಯಲಿನ ನಿಯಮವನ್ನು ಈ ಮಳೆಕಾಡಿನಲ್ಲಿ ಪಾಲಿಸಿದೆವು. ಯಾರೂ ಗಟಗಟ ಕುಡಿಯಲಿಲ್ಲ. ಧೃತಿಯ ಬಾಟಲಿ ಅರ್ಧ ದಾರಿಯಲ್ಲೂ ತುಂಬಿಯೇ ಇತ್ತು. "ಅಮ್ಮ ವಿಲ್ ಕೌಂಟ್ ಮೈ ಟಾಯ್ಲೆಟ್ ಬ್ರೇಕ್ಸ್" ಎಂದು ನಕ್ಕಳು. ತುಟಿ ಒಣಗಿತ್ತು.

ಈ ಬೆಟ್ಟದ ದೇವರು ಯಾರು ಎಂದು ಶಾಂತಕ್ಕ ರೋನಿಯನ್ನು ಕೇಳಿದರು. ತಾನು ಭಾನುವಾರ ಚರ್ಚಿಗೆ ಹೋಗುವವನು ಎಂದ. ಆದರೆ ಅಜ್ಜಿ ಹೇಳುತ್ತಿದ್ದಳಂತೆ, ಸತ್ತವರೆಲ್ಲ ಮೇಲೆ ಬಂದು ಇರುತ್ತಾರೆ, ಅಲ್ಲಿ ಕೂಗಬಾರದು ಅಂತ. "ಅದಕ್ಕೆ ನಾನೂ ಕೂಗೋದಿಲ್ಲ ಬಾ" ಎಂದ ತನ್ನ ಇಂಗ್ಲಿಷಿನಲ್ಲಿ.

"ನೋಡಿದ್ರ್ಯಾ? ಕೈಲಾಸನ ಇದು!" ಎಂದು ಶಾಂತಕ್ಕ ಅಲ್ಲೇ ದೊಡ್ಡ ದನಿಯಲ್ಲಿ ಹರಹರ ಮಹಾದೇವ ಕೂಗಿದರು.

ರೋನಿ ತನ್ನ ಬೂಟಿನ ಲಾಡಿ ಕಟ್ಟಿಕೊಳ್ಳಲು ಬಗ್ಗಿದ. ಲಾಡಿ ಬಿಚ್ಚಿರಲಿಲ್ಲ.

ಬಂಡೆಯ ಕೆಳಗಿನ ತಂಗುಮನೆ

ಮರಗಳು ಮುಗಿದು ಬೋಳುಬಂಡೆ ಶುರುವಾಗುವಲ್ಲಿ ತಂಗುಮನೆ. ಕೆಳಗೆ ಮೋಡ. ಬಂಡೆಯಿಂದ ತೆಳ್ಳಗೆ ನೀರು ಇಳಿದು ಬರುತ್ತದೆ. ಅಭಿಷೇಕಕ್ಕೆ ಅದೇ ಜಾಗವನ್ನು ಶಾಂತಕ್ಕ ಆರಿಸಿದರು. ಅವರ ಚೀಲದಿಂದ ಪುಟ್ಟ ಲಿಂಗ, ಹಾಲಿನ ಪೊಟ್ಟಣಗಳು, ಜೇನು, ಕರ್ಪೂರ, ತೆಂಗಿನಕಾಯಿ ಒಂದೊಂದಾಗಿ ಹೊರಬಂದವು. ತೆಂಗಿನಕಾಯಿಯನ್ನು ಅಷ್ಟು ಎತ್ತರ ಹೊತ್ತು ತಂದಿದ್ದವಳು ಧೃತಿ.

ಹಾಲು ನೀರಿಗೆ ಸೇರಿ ಬೆಳ್ಳಗೆ ಹರಿಯಿತು. ಕಾಯಿ ಬಂಡೆಗೆ ಬಿದ್ದು ಸಿಡಿಯಿತು. ಕೊನೆಗೆ ಕಾಶಿಯಲ್ಲಿ ಬಿಡುವ ಹಾಗೆ ತನ್ನದೊಂದನ್ನು ಬಿಟ್ಟು ಬರಬೇಕೆಂದು, ಅಕ್ಕ ಕೈಯ ಗಾಜಿನ ಬಳೆ ತೆಗೆದು ಕೆಂಪು ದಾರದಲ್ಲಿ ಪೋಣಿಸಿ ಒಂದು ಕುರುಚಲು ಗಿಡಕ್ಕೆ ಕಟ್ಟಿದಳು. ಪಕ್ಕದಲ್ಲಿ ಕೊರಿಯಾದ ಒಂದು ತಂಡ ನೂಡಲ್ಸ್ ತಿನ್ನುತ್ತ ನಮ್ಮನ್ನೇ ನೋಡುತ್ತಿತ್ತು. ನಾನು ಮೆಲ್ಲಗೆ ಎರಡು ಹೆಜ್ಜೆ ಅವರ ಕಡೆಗೆ ಸರಿದು ನಿಂತೆ, ನಾನೂ ನೋಡಲು ಬಂದವಳೇ ಎನ್ನುವ ಹಾಗೆ.

ಅಲ್ಲಿಂದ ನನಗೆ ಅಕ್ಕನಿಗೂ ಶಾಂತಕ್ಕನಿಗೂ ಕಾಣದ್ದು ಕಂಡಿತು. ಹಾಲು ಹರಿದುಹೋದ ನೀರಿನೊಳಗೆ ಸ್ವಲ್ಪ ಕೆಳಗೆ ಒಂದು ಕಪ್ಪು ಕೊಳವೆ ಬಾಯಿ ತೆರೆದು ಮಲಗಿತ್ತು. ಕಣ್ಣಲ್ಲೇ ಅದನ್ನು ಹಿಂಬಾಲಿಸಿದೆ. ಅದು ಹೋಗಿ ಸೇರಿದ್ದು ತಂಗುಮನೆಯ ಅಡುಗೆಮನೆಯ ಹಿಂದಿನ ತೊಟ್ಟಿಗೆ.

ಯಾರಿಗೂ ಹೇಳಲಿಲ್ಲ. ಶಾಂತಕ್ಕನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಅಕ್ಕ ಕಣ್ಣುಮುಚ್ಚಿ ನಿಂತಿದ್ದಳು. ಹೇಳಿ ಅದನ್ನು ಕೆಡಿಸುವುದು ಯಾಕೆ ಅನ್ನಿಸಿತು. ಸಂಜೆ ಎಲ್ಲರಿಗೂ ಬಿಸಿ ಚಹಾ ಬಂತು, ಕೊರಿಯಾದವರಿಗೂ. ನಾನೂ ಕುಡಿದೆ. ರೋನಿ ಒಂದು ಗೋಣಿ ಹಿಡಿದು ಹೋಗಿ ಕಾಯಿಯ ಚೂರು, ಹಾಲಿನ ಪೊಟ್ಟಣ ಎಲ್ಲ ತುಂಬಿಕೊಂಡು ಬಂದ. ಇಲಿಗಳು ಬರುತ್ತವೆ ಎಂದಷ್ಟೇ ಹೇಳಿದ. ಬಳೆಗಳನ್ನು ಬಿಚ್ಚಿದನೋ ಬಿಟ್ಟನೋ ನಾನು ನೋಡಲಿಲ್ಲ. ನೋಡಬಾರದೆಂದೇ ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ.

ಊಟದ ಹೊತ್ತಿಗೆ ಧೃತಿಗೆ ಎಡಗಾಲಿನ ಮೀನಖಂಡ ನೋಯತೊಡಗಿತು. ಮೆಟ್ಟಿಲಿನ ನೋವು ಎಂದಳು ಅಕ್ಕ. ಸ್ನಾಯು ಹಿಡಿದಿದೆ, ಎಲ್ಲರಿಗೂ ಹೀಗೇ ಆಗುತ್ತದೆ ಎಂದ ರೋನಿ. ನಾನು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೀಲಗಿರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದೆ. ಚಿಕ್ಕವಳಿದ್ದಾಗ ಮೈಸೂರಿಗೆ ಬಂದರೆ ಅವಳಿಗೆ ಎಣ್ಣೆ ಒತ್ತುತ್ತಿದ್ದವಳು ನಾನೇ. ಕಾಲು ಬಿಸಿಯಾಗಿತ್ತು, ಇನ್ನೊಂದಕ್ಕಿಂತ ದಪ್ಪವಾಗಿತ್ತು. ಎಣ್ಣೆಯ ಬಿಸಿ ಅಂದುಕೊಂಡೆ.

"ಹರ್ಟ್ಸ್, ಚಿಕ್ಕಮ್ಮ."

"ನೋವಿರೋ ಕಡೆನೇ ಒತ್ಬೇಕು ಕಣೇ, ತಡ್ಕೋ" ಎಂದೆ. ಇನ್ನೂ ಬಲವಾಗಿ ಒತ್ತಿದೆ.

ಇಳಿಯುವ ದಿನ

ಬೆಳಕು ಹರಿಯುವ ಮೊದಲೇ ಅಕ್ಕ, ಶಾಂತಕ್ಕ ರೋನಿಯ ಜೊತೆ ತುದಿಗೆ ಹೊರಟಿದ್ದರು. ಧೃತಿಯ ಜೊತೆ ನಾನು ಉಳಿದೆ. ಅವಳಿಗೆ ಬೇಕಿದ್ದ ಸೂರ್ಯೋದಯ ತಂಗುಮನೆಯ ಕಿಟಕಿಯಲ್ಲಿ ಬಂದಾಗ ಅವಳು ಗೋಡೆಗೊರಗಿ ಕೂತು ಉಸಿರನ್ನು ಚಿಕ್ಕಚಿಕ್ಕದಾಗಿ ಎಳೆದುಕೊಳ್ಳುತ್ತಿದ್ದಳು. ಎತ್ತರಕ್ಕೆ ಹೀಗಾಗುತ್ತದೆ ಎಂದು ಪಕ್ಕದ ಮೇಜಿನವರು ಸಮಾಧಾನ ಹೇಳಿದರು. ಎತ್ತರದಲ್ಲಿ ಎಲ್ಲದಕ್ಕೂ ಎತ್ತರವೇ ಕಾರಣವಾಗಿಬಿಡುತ್ತದೆ.

ಅಕ್ಕ ಇಳಿದು ಬಂದಾಗ ಅವಳ ಮುಖ ಹೊಳೆಯುತ್ತಿತ್ತು. ನನ್ನ ಅಕ್ಕ ಅಷ್ಟು ಚೆನ್ನಾಗಿ ಕಂಡದ್ದು ನನಗೆ ನೆನಪಿಲ್ಲ. ಮಗಳ ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆ ಮಗಳ ಮುಖ ನೋಡಿದಳು.

ಭಾವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು. ಸಿಗ್ನಲ್ ಹೋಗಿ ಬರುತ್ತಿತ್ತು. ಉಸಿರು ಹೇಗಿದೆ, ಕೆಮ್ಮಿದೆಯಾ, ನೀರು ಕುಡಿದಿದ್ದಾಳಾ ಎಂದು ಒಂದೊಂದಾಗಿ ಕೇಳಿದರು. ಕಾಲು ಊದಿದೆ ಎಂದಾಗ ಅವರ ದನಿ ಬದಲಾಯಿತು.

"ಒಂದೇ ಕಾಲಾ? ಸರಿ ನೋಡಿ ಹೇಳು. ಅವಳು ಯಾವುದಾದ್ರೂ ಮಾತ್ರೆ ತಗೊಳ್ತಾ ಇದ್ದಾಳಾ?"

"ಎಂಥದೂ ಇಲ್ಲಾರೀ" ಎಂದಳು ಅಕ್ಕ.

ಅವಳು ನನ್ನ ಕಡೆ ನೋಡಲಿಲ್ಲ. ನನಗೆ ಆ ಕ್ಷಣದಲ್ಲಿ ಎಲ್ಲ ಒಟ್ಟಿಗೆ ಗೊತ್ತಾಯಿತು. ಔಷಧಿ ಅಂಗಡಿ, ಸೀನಿದ ಅಧಿಕಾರಿಣಿ, ಸ್ಟೀಲಿನ ಲೋಟ. ನನ್ನ ನೆನಪಿನ ಪ್ರಕಾರ ನಾನು ಆಗಲೇ ಫೋನಿನ ಹತ್ತಿರ ಬಗ್ಗಿ, "ಭಾವ, ಮುಟ್ಟು ಮುಂದೂಡೋ ಮಾತ್ರೆ ತಗೊಂಡಿದ್ದಾಳೆ" ಎಂದೆ. ಆ ವಾಕ್ಯ ನನ್ನ ಕಿವಿಯಲ್ಲಿ ಇನ್ನೂ ಇದೆ.

ಆದರೆ ಭಾವ ಅಂದದ್ದು, ಎತ್ತರದ ಕಾಯಿಲೆ ಇರಬೇಕು, ಈಗಲೇ ಕೆಳಗಿಳಿಸಿ ಎಂದು. ನಾನು ಹೇಳಿದ್ದರೆ ಅವರು ಅವಳನ್ನು ನಡೆಸುತ್ತಿರಲಿಲ್ಲ. ಅವಳು ನಡೆದಳು. ಅಮ್ಮನ ಭುಜ, ನನ್ನ ಭುಜ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮರಗಳು ಮತ್ತೆ ಎತ್ತರವಾಗುವವರೆಗೆ ಇಳಿದಳು. ಅಲ್ಲಿ ಒಂದು ತಂಗುದಾಣದಲ್ಲಿ ಕುಸಿದಳು, ತುಟಿ ನೀಲಿ. ರೋನಿ ಕೂಗಿ ಹೊರೆ ಹೊರುವವರನ್ನು ಕರೆದ. ಬೆಟ್ಟದ ಮೇಲೆ ಕೂಗದವನು ಕೂಗಿದ. ಸ್ಟ್ರೆಚರಿನಲ್ಲಿ ಅವಳನ್ನು ಕಟ್ಟಿ ಅವರು ಬಹುತೇಕ ಓಡಿದರು. ಶಾಂತಕ್ಕ ಹಿಂದಿನಿಂದ ಮೃತ್ಯುಂಜಯ ಮಂತ್ರ ಹೇಳುತ್ತ ಬಂದರು. ನಾನು ಏನೂ ಹೇಳುತ್ತಿರಲಿಲ್ಲ. ಇದು ಧೃತಿಗೂ ನೆನಪಿದೆ, ನನಗೂ ನೆನಪಿದೆ.

ಕೋಟ ಕಿನಬಾಲು

ಕೆಳಗಿನ ಪಟ್ಟಣದ ಆಸ್ಪತ್ರೆಯ ಡಾಕ್ಟರು ಚೀನಾ ಮೂಲದ ಎಳೆಯ ಹೆಣ್ಣುಮಗಳು, ಧೃತಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಆಮ್ಲಜನಕದ ಮುಖವಾಡ ಸರಿಸಿ, ಹಾರ್ಮೋನಿನ ಮಾತ್ರೆ ಏನಾದರೂ ತಗೊಳ್ತಿದ್ದೀಯಾ ಎಂದು ಅವಳನ್ನೇ ಕೇಳಿದಳು.

"ನೋ. ಅಮ್ಮ ಕೊಟ್ಟ ಆಲ್ಟಿಟ್ಯೂಡ್ ಟ್ಯಾಬ್ಲೆಟ್ಸ್ ಅಷ್ಟೇ" ಎಂದಳು ಧೃತಿ.

ಎತ್ತರಕ್ಕೆ ಹೊಂದಿಕೊಳ್ಳಲು ಎಂದು ಹೇಳಿ ಕೊಟ್ಟಿದ್ದಳು ಅಕ್ಕ. ನಾನು ಅಕ್ಕನ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಕೈತೊಳೆಯುವ ವಿಧಾನದ ಚಿತ್ರ ನೋಡುತ್ತಿದ್ದಳು. ಆಗ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿದೆ. ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ನಾನು ತಂದದ್ದು ಎಂದೆ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಶ್ವಾಸಕೋಶಕ್ಕೆ ಹೋಗಿತ್ತು. ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ ಎಂದಳು ಆ ಡಾಕ್ಟರು. ಮಾತ್ರೆ ಇರಬಹುದು, ಕುಡಿಯದ ನೀರು ಇರಬಹುದು, ಎತ್ತರಕ್ಕೆ ಮಂದವಾಗುವ ರಕ್ತ ಇರಬಹುದು, ಹುಟ್ಟಿನಿಂದ ಬಂದ ಗುಣವೂ ಇರಬಹುದು, ಎಲ್ಲ ಕೂಡಿಯೂ ಇರಬಹುದು. ತಿಕ್ಕಿದರೆ ಹೆಪ್ಪು ಕಳಚಿಕೊಳ್ಳಬಹುದಂತೆ, ಕಾಲು ತಿಕ್ಕಿದ್ದಿರಾ ಎಂದೂ ಕೇಳಿದಳು.

ಭಾವ ಮುಂದಿನ ವಿಮಾನದಲ್ಲಿ ಬಂದರು. ಮಗಳ ಹಣೆ ಮುಟ್ಟಿದರು, ಹಾಳೆಗಳನ್ನೆಲ್ಲ ಓದಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಕಾರಿಡಾರಿನಲ್ಲಿ ನನ್ನ ಪಕ್ಕ ಕೂತು, "ಫೋನಲ್ಲಿ ಕೇಳಿದ್ನಲ್ಲ. ನೀನೂ ಅಲ್ಲೇ ಇದ್ದಿ ಅಲ್ವಾ?" ಎಂದರು. ಅಷ್ಟೇ.

ಇದ್ದೆ, ಹೇಳಿದ್ದೆ ಎನ್ನಲು ಬಾಯಿ ತೆರೆದೆ. ನನಗೆ ಆಗಲೂ ಹೇಳಿದ್ದೆ ಎಂದೇ ಅನ್ನಿಸುತ್ತಿತ್ತು. ಆದರೆ ಹೇಳಿದ್ದರೆ ಅವರು ಈ ಪ್ರಶ್ನೆ ಕೇಳುತ್ತಿರಲಿಲ್ಲವಲ್ಲ.

ಧೃತಿ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಅವಳನ್ನೇ ಕೇಳಿದೆ. ಅವಳು ಜೆಲ್ಲಿ ತಿನ್ನುತ್ತಿದ್ದಳು. "ನೋ ಚಿಕ್ಕಮ್ಮ. ಮೇಲೆ ನೀವು ಏನೂ ಹೇಳ್ಲಿಲ್ಲ. ನೀವು ಅಮ್ಮನ ನೋಡ್ತಾ ಇದ್ರಿ" ಎಂದಳು. ಅಷ್ಟನ್ನೂ ಕನ್ನಡದಲ್ಲೇ ಹೇಳಿದಳು, ತಡವರಿಸುತ್ತ. ಆಮೇಲೆ ಚಮಚ ಕೆಳಗಿಟ್ಟು, "ಮೈ ಪೀರಿಯಡ್ಸ್, ವಾಸ್ ದಟ್ ಶಿವನ ಪ್ರಾಬ್ಲಮ್? ಆರ್ ಅಮ್ಮನ?" ಎಂದಳು. ನಾನು ಜೆಲ್ಲಿಯ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದೆ.

ಹೊರಡುವ ಮೊದಲು ಅಕ್ಕನ ಜೊತೆ ಜಗಳವಾಡಲಿಲ್ಲ. ಅವಳು ಆಸ್ಪತ್ರೆಯ ಕುರ್ಚಿಯಲ್ಲೇ ಮಲಗಿ ಸೊರಗಿದ್ದಳು. ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ದೇವರು ದೊಡ್ಡೋನು, ಉಳಿಸಿಕೊಟ್ಟ" ಎಂದಳು. ಹೌದು ಎಂದು ತಲೆಯಾಡಿಸಿದೆ.

ಮೈಸೂರು

ಧೃತಿ ರಕ್ತ ತೆಳುವಾಗಿಸುವ ಔಷಧಿಯ ಮೇಲಿದ್ದಾಳೆ, ಕೆಲಸಕ್ಕೆ ಹೋಗುತ್ತಿದ್ದಾಳೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲವಂತೆ. ಕೈಲಾಸದ ಯಾತ್ರೆ ನಿಂತಿಲ್ಲ. ಧೃತಿ ಬದುಕಿದ್ದೇ ಆ ಅಭಿಷೇಕದಿಂದ ಎಂದು ಶಾಂತಕ್ಕ ನಂಬಿದ್ದಾರೆ, ಅಕ್ಕನೂ ನಂಬಿದ್ದಾಳೆ. ಹರಕೆ ಈಗ ಇನ್ನಷ್ಟು ಗಟ್ಟಿಯಾಗಿದೆ. ಶಾಂತಕ್ಕನ ಹೊಸ ಸೊಸೆಯೂ ಜೊತೆಗೆ ಹೊರಟಿದ್ದಾಳೆ ಎಂದು ಅಕ್ಕ ಒಮ್ಮೆ ಹೇಳಿದ್ದಳು.

ಮಲೇಷ್ಯಾಕ್ಕೆ ಹೊರಟ ನನ್ನ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಏನಾದರೂ ಕಳಿಸಬೇಕೇ ಎಂದು ಅಕ್ಕನಿಗೆ ವಾಟ್ಸಾಪಿನಲ್ಲಿ ಕೇಳಿದ್ದೆ. ತಕ್ಷಣ ಉತ್ತರ ಬಂತು. ಸಾರಿನಪುಡಿ, ಚಟ್ನಿಪುಡಿ, ರೋನಿಗೆ ಕಳಿಸಲು ಇನ್ನೊಂದು ಪೊಟ್ಟಣ ಚಟ್ನಿಪುಡಿ. ಕೊನೆಗೆ, ಆ ಮಾತ್ರೆ ಒಂದೆರಡು ಸ್ಟ್ರಿಪ್.

ನಮ್ಮ ಬೀದಿಯ ಔಷಧಿ ಅಂಗಡಿ ತೆರೆದೇ ಇತ್ತು, ಕಿಟಕಿಯಿಂದ ಅದರ ಹಸಿರು ಬೋರ್ಡು ಕಾಣುತ್ತದೆ. ಮೊದಲ ಸಲವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಬರೆದು ಕಳಿಸಿದೆ.

"ಯಾರಿಗೆ, ಅಕ್ಕ?"

ಅವಳು ಓದಿದ್ದಾಳೆ. ಎರಡು ನೀಲಿ ಗುರುತು ಬಿದ್ದಿವೆ. ಆಮೇಲೆ ಅವಳಿಂದ ಶಿವರಾತ್ರಿಯ ಶುಭಾಶಯ ಬಂತು, ಮೆಟ್ಟಿಲು ಹತ್ತುತ್ತಿರುವ ಒಂದು ಫೋಟೊ ಬಂತು. ಫೋಟೊದಲ್ಲಿ ಅವಳ ಹಿಂದೆ ಬೆನ್ನಚೀಲ ಹೊತ್ತ ಹುಡುಗಿಯೊಬ್ಬಳು ನಗುತ್ತಿದ್ದಾಳೆ. ಶಾಂತಕ್ಕನ ಸೊಸೆಯೇ ಇರಬೇಕು, ನನಗೆ ಅವಳ ಪರಿಚಯವಿಲ್ಲ.

ಪ್ರಶ್ನೆಗೆ ಉತ್ತರ ಬಂದಿಲ್ಲ.